ತಜ್ಞರ ಉತ್ತರ: ಹಿಂದಿ ತಪ್ಪಿಲ್ಲ, ಆದರೂ ನೋಟಿಸ್ ಓದಿದ ಹಾಗೆ ಕೇಳಿಸುವುದು ಯಾಕೆ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಊರು ಚಿತ್ರದುರ್ಗ. ಶಾಲೆಯಲ್ಲಿದ್ದಾಗಿಂದ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಪ್ರವೀಣ್ ತನಕ ಮುಗಿಸಿದ್ದೇನೆ. ವ್ಯಾಕರಣ ಅಷ್ಟಾಗಿ ತಪ್ಪುವುದಿಲ್ಲ. ನಮ್ಮ ಮ್ಯಾನೇಜರ್ ಲಖನೌ ಕಡೆಯವರು. ಕಳೆದ ತಿಂಗಳು ಅವರ ತಾಯಿ ಶಾಖೆಗೆ ಬಂದಿದ್ದರು. ನಾನು ಗೌರವದಿಂದಲೇ “ಮಾತಾಜೀ, ಕೃಪಯಾ ಬೈಠಿಯೇ. ಕ್ಯಾ ಆಪ್ ಚಾಯ್ ಪಿಯೇಂಗೀ? ಆಪ್ ವಾಪಸ್ ಕಬ್ ಜಾಯೇಂಗೀ?” ಎಂದು ಮಾತಾಡಿಸಿದೆ. ಆಮೇಲೆ ಅವರು ಮಗನ ಹತ್ತಿರ “ಹುಡುಗಿ ಒಳ್ಳೆಯವಳು, ಆದರೆ ನೋಟಿಸ್ ಓದಿದ ಹಾಗೆ ಮಾತಾಡ್ತಾಳೆ” ಅಂದರಂತೆ. ಮನಸ್ಸಿಗೆ ನಾಟಿತು. ಮುಂದಿನ ವರ್ಷ ಬಡ್ತಿ ಬಂದರೆ ನಾನು ಉತ್ತರ ಪ್ರದೇಶಕ್ಕೇ ಹೋಗಬೇಕಾಗಬಹುದು. ಅಲ್ಲಿಯವರ ಹಾಗೆ ಮಾತಾಡಲು ಏನು ಮಾಡಬೇಕು? ಇನ್ನೂ ಯಾವ ಪುಸ್ತಕ ಓದಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಸದ್ಯಕ್ಕೆ ಪುಸ್ತಕ ಬೇಡ. ಪ್ರವೀಣ್ ಮುಗಿಸಿದವರಿಗೆ ಪದಗಳ ಕೊರತೆ ಇಲ್ಲ. ನಿಮಗೆ ಬೇಕಾಗಿರುವುದು ಬೇರೆ, ಅದು ಈಗಾಗಲೇ ನಿಮ್ಮ ಹತ್ತಿರ ಇದೆ, ಕನ್ನಡದಲ್ಲಿ ದಿನಾ ಬಳಸುತ್ತೀರಿ, ಹಿಂದಿಗೆ ಬಾಯಿ ತೆರೆದಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೀರಿ.

ಹೇಗೆ ಅಂತ ನೋಡಿ. ನಿಮ್ಮ ಆ ಮೂರು ವಾಕ್ಯಗಳನ್ನು ಇದ್ದ ಹಾಗೇ ಕನ್ನಡಕ್ಕೆ ತನ್ನಿ. “ಮಾತೆಯವರೇ, ದಯವಿಟ್ಟು ಕುಳಿತುಕೊಳ್ಳಿ. ತಾವು ಚಹಾ ಕುಡಿಯುವಿರಾ? ತಾವು ವಾಪಸ್ ಯಾವಾಗ ಹೋಗುವಿರಿ?” ಚಿತ್ರದುರ್ಗದ ನಿಮ್ಮ ಮನೆಗೆ ಹಿರಿಯರೊಬ್ಬರು ಬಂದರೆ ಹೀಗೆ ಮಾತಾಡುತ್ತೀರಾ? ಇಲ್ಲ. “ಬರ್ರಿ ಅಮ್ಮ, ಕೂತ್ಕೊಳ್ರಿ, ಚಾ ಮಾಡ್ತೀನಿ ತಡೀರಿ, ಇನ್ನೆರಡು ದಿನ ಇರ್ತೀರಲ್ವಾ?” ಅಂತೀರಿ. ಇದರಲ್ಲಿ ದಯವಿಟ್ಟು ಇಲ್ಲ, ತಾವು ಇಲ್ಲ, ಆದರೆ ಮರ್ಯಾದೆ ಜಾಸ್ತಿ ಇದೆ. ಅದು ಆ “ರಿ”ಯಲ್ಲಿದೆ, “ತಡೀರಿ”ಯಲ್ಲಿದೆ, “ಅಲ್ವಾ”ದಲ್ಲಿದೆ, ಯಾವಾಗ ಹೋಗ್ತೀರಿ ಅನ್ನುವ ಬದಲು ಇರ್ತೀರಲ್ವಾ ಎಂದು ಕೇಳಿದ್ದರಲ್ಲಿದೆ. ಹಿಂದಿಯಲ್ಲೂ ಅಷ್ಟೇ. ಗೌರವ, ಸಲಿಗೆ, ಬೇಸರ, ಪ್ರೀತಿ ಇವೆಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ ಮತ್ತು ಅದರ ಅಕ್ಕಪಕ್ಕದ ಸಣ್ಣ ಪದಗಳಲ್ಲಿ. ನಾವು ಪರೀಕ್ಷೆಗೆ ಓದಿದ್ದು ತಲೆಯ ಭಾಗ. ಬಾಲ ಯಾರೂ ಹೇಳಿಕೊಡಲಿಲ್ಲ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ನಮ್ಮಂಥ ಊರುಗಳ ಲಕ್ಷಾಂತರ ಮಕ್ಕಳಿಗೆ ಹಿಂದಿ ಓದಲು ಬರೆಯಲು ಕಲಿಸಿದೆ. ನಾನೂ ಅಲ್ಲೇ ಕಲಿತವನು, ಆ ಋಣ ದೊಡ್ಡದು. ಆದರೆ ಪರೀಕ್ಷೆಯ ಹಿಂದಿ ಪ್ರಬಂಧ ಬರೆಯುವ ಹಿಂದಿ. ಅದರ ಮೇಲೆ ನೀವು ಬ್ಯಾಂಕಿಗೆ ಸೇರಿದಿರಿ. ಬ್ಯಾಂಕಿನಲ್ಲಿ ರಾಜಭಾಷೆಯ, ಅಂದರೆ ಸರ್ಕಾರಿ ಕಾಗದಪತ್ರದ ಹಿಂದಿ. 1976ರ ರಾಜಭಾಷಾ ನಿಯಮಗಳಲ್ಲಿ ಹಿಂದಿ ನಾಡಾದ ಉತ್ತರ ಪ್ರದೇಶ ‘ಕ’ ಕ್ಷೇತ್ರ, ಹಿಂದಿಯೇತರ ಕರ್ನಾಟಕ ‘ಗ’ ಕ್ಷೇತ್ರ ಅಂತ ನೀವೇ ಎಷ್ಟು ಸಲ ಓದಿರಬೇಕು. ಆ ಸುತ್ತೋಲೆಗಳ ಭಾಷೆ ಕಾಗದದ ಮೇಲೆ ಸರಿ. ಆದರೆ ಲಖನೌದಲ್ಲಿ ಹುಟ್ಟಿ ಬೆಳೆದವರೂ ಕೌಂಟರಿನಲ್ಲಿ ನಿಂತು “ಆಹರಣ್” ಅನ್ನುವುದಿಲ್ಲ, “ಪೈಸೇ ನಿಕಾಲ್ನೇ ಹೈಂ”, ದುಡ್ಡು ತೆಗೀಬೇಕು ಅಂತಾರೆ. “ಶಾಖಾ ಪ್ರಬಂಧಕ್” ಅನ್ನುವುದು ಬಾಗಿಲ ಮೇಲಿನ ಬೋರ್ಡಿಗೆ, ಬಾಯಲ್ಲಿ “ಮ್ಯಾನೇಜರ್ ಸಾಹಬ್”. “ಕೃಪಯಾ” ಕೂಡ ಬೋರ್ಡಿನ ಪದವೇ, ನಮ್ಮ “ದಯವಿಟ್ಟು” ಇದ್ದ ಹಾಗೆ. ಆ ತಾಯಿ “ನೋಟಿಸ್” ಎಂದದ್ದು ನಿಮ್ಮನ್ನು ನೋಯಿಸಲು ಅಲ್ಲ ಅಂತ ನನಗೆ ಅನ್ನಿಸುತ್ತದೆ. ಅವರ ಕಿವಿಗೆ ನಿಜವಾಗಿಯೂ ಅದೇ ಕೇಳಿಸಿತು.

ಈಗ ಬಾಲಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇಡೀ ಉತ್ತರದ ಗಂಟು ಇಲ್ಲಿದೆ.

ಕೌಂಟರಿನಲ್ಲಿ ಒಬ್ಬರಿಗೆ “ಬರೆಯಿರಿ” ಅನ್ನುವುದು ಬೇರೆ, “ಬರೆದುಕೊಳ್ಳಿ” ಅನ್ನುವುದು ಬೇರೆ, “ಬರೆದುಕೊಡಿ” ಅನ್ನುವುದು ಬೇರೆ. ಕೊಳ್ಳು ಬಂದರೆ ಕೆಲಸ ಅವರಿಗಾಗಿ, ಕೊಡು ಬಂದರೆ ನಮಗಾಗಿ ಅವರು ಮಾಡುವ ಉಪಕಾರ. ಇದನ್ನು ನಿಮಗೆ ಯಾರೂ ಕಲಿಸಲಿಲ್ಲ, ತೊಟ್ಟಿಲಲ್ಲೇ ಬಂತು. ಹಿಂದಿಯಲ್ಲೂ ಇದೇ ಗಾಡಿ ಓಡುತ್ತದೆ. “ಲಿಖಿಯೇ”, “ಲಿಖ್ ಲೀಜಿಯೇ”, “ಲಿಖ್ ದೀಜಿಯೇ”. ಲೇನಾ ಅಂದರೆ ನಮ್ಮ ಕೊಳ್ಳು, ದೇನಾ ಅಂದರೆ ನಮ್ಮ ಕೊಡು. “ಸೈನ್ ಕೀಜಿಯೇ” ಅಂದರೆ ತಪ್ಪಲ್ಲ, ಆದರೆ ಒಣಗಿದೆ. “ಸೈನ್ ಕರ್ ದೀಜಿಯೇ” ಅಂದ ತಕ್ಷಣ ನೀವು ಅವರಿಂದ ಒಂದು ಸಹಾಯ ಕೇಳಿದ ಹಾಗಾಯಿತು. ಇಷ್ಟೇ ವ್ಯತ್ಯಾಸ, ಒಂದು “ದೀಜಿಯೇ”. “ಟೂಟ್ ಗಯಾ” ಅನ್ನುವುದು ನಮ್ಮ “ಒಡೆದು ಹೋಯಿತು”, ಅಲ್ಲೂ ಹೋಗು, ಇಲ್ಲೂ ಹೋಗು. ಇನ್ನೊಂದು ನನಗೆ ತುಂಬಾ ಇಷ್ಟ. ಮಾಡಬಾರದ್ದನ್ನು ಮಾಡಿದವರ ಬಗ್ಗೆ ನಾವು “ಏನೋ ಮಾಡಿ ಕೂತಿದ್ದಾನೆ” ಅಂತೀವಲ್ಲ, ಹಿಂದಿಯವರೂ “ಕ್ಯಾ ಕರ್ ಬೈಠಾ” ಅಂತಾರೆ. ದೂರದೂರದ ಎರಡು ಭಾಷೆ, ಬೇರೆ ಬೇರೆ ಕುಟುಂಬ, ಆದರೂ ಎಡವಟ್ಟು ಮಾಡಿದವನನ್ನು ಎರಡೂ ಕೂರಿಸಿಬಿಟ್ಟಿವೆ.

ಎರಡು ಕಡೆ ಮಾತ್ರ ಹುಷಾರಾಗಿರಿ. ನಮ್ಮ “ಬಿಡು” ಮೆತ್ತಗಿನದು, “ಹೇಳಿಬಿಡಿ ಪರವಾಗಿಲ್ಲ” ಅಂತೀವಿ. ಅದನ್ನು “ಡಾಲ್ನಾ” ಅಂದುಕೊಂಡು “ಬತಾ ಡಾಲಿಯೇ” ಅಂದರೆ ಒರಟಾಗುತ್ತದೆ, ಡಾಲ್ನಾದಲ್ಲಿ ಒಂದು ಏಟಿನ ಜೋರು ಇದೆ. ಅಲ್ಲಿ “ಬತಾ ದೀಜಿಯೇ” ಸಾಕು. ಇನ್ನೊಂದು, “ಬರೆದುಕೊಡಲಿಲ್ಲ” ಅಂತ ಕನ್ನಡದಲ್ಲಿ ಆರಾಮಾಗಿ ಹೇಳಬಹುದು, ಆದರೆ ಹಿಂದಿಯಲ್ಲಿ “ಇಲ್ಲ” ಬಂದ ಕೂಡಲೇ ಸಾಮಾನ್ಯವಾಗಿ ಈ ಬಾಲ ಉದುರಿಹೋಗುತ್ತದೆ. “ಉನ್ಹೋಂನೇ ನಹೀಂ ಲಿಖಾ”, ಅಷ್ಟೇ. “ನಹೀಂ ಲಿಖ್ ದಿಯಾ” ಅಂದರೆ ಹೊರಗಿನವರು ಅಂತ ಆ ಕ್ಷಣವೇ ಗೊತ್ತಾಗುತ್ತದೆ.

ಇದರ ಮೇಲೆ ಮೆಟ್ಟಿಲುಗಳಿವೆ. ನಿಮ್ಮ ಮ್ಯಾನೇಜರ್ ಹತ್ತಿರ ಒಂದು ಫೈಲಿಗೆ ಸಹಿ ಬೇಕು ಅಂತಿಟ್ಟುಕೊಳ್ಳಿ. “ಸರ್, ಜರಾ ಸೈನ್ ಕರ್ ದೀಜಿಯೇ” ಅಂದರೆ ಈಗಲೇ ಬೇಕು, ಆದರೆ ಮೆತ್ತಗೆ. “ಜರಾ” ಅಂದರೆ ಅಕ್ಷರಶಃ “ಸ್ವಲ್ಪ”, ನಾವು “ಸ್ವಲ್ಪ ಬರ್ರಿ ಇಲ್ಲಿ” ಅನ್ನುವಾಗ ಸ್ವಲ್ಪ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. “ಸೈನ್ ಕರ್ ದೀಜಿಯೇಗಾ” ಅಂದರೆ ನಿಮ್ಮ ಬಿಡುವು ನೋಡಿಕೊಂಡು ಮಾಡಿ, ಅವಸರ ಇಲ್ಲ. ಆ ಕೊನೆಯ “ಗಾ” ಎದುರಿನವರಿಗೆ ಸಮಯ ಕೊಡುತ್ತದೆ, ಅದರಿಂದಲೇ ಅದು ಹೆಚ್ಚು ಮರ್ಯಾದೆ. ಇನ್ನೂ ಮೇಲೆ ಹೋದರೆ ಮಾಡುವವರೇ ಮಾಯವಾಗುತ್ತಾರೆ. “ಸರ್, ಆಜ್ ಸೈನ್ ಹೋ ಜಾತಾ ತೋ ಅಚ್ಛಾ ರಹತಾ”. ಇದೇನು ಹೊಸದಾ? ನಮ್ಮ ತಾಲ್ಲೂಕು ಕಚೇರಿಯಲ್ಲಿ ನಿಂತು “ಸರ್, ಇವತ್ತೊಂದು ಸೈನ್ ಆಗಿದ್ರೆ ಚೆನ್ನಾಗಿತ್ತು” ಅಂತ ನಾವೆಲ್ಲ ಹೇಳಿದವರೇ. ಇಲ್ಲ ಅನ್ನುವಾಗಲೂ ಹಾಗೇ. “ಮೈಂ ನಹೀಂ ಕರೂಂಗೀ” ಅಂದರೆ ಬಾಗಿಲು ಹಾಕಿದ ಹಾಗೆ. “ಆಜ್ ತೋ ನಹೀಂ ಹೋ ಪಾಯೇಗಾ” ಅಂದರೆ ಕೆಲಸ ಆಗುತ್ತಿಲ್ಲ, ನೀವು ನಿರಾಕರಿಸಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗ “ಮುಝ್‌ಸೇ ಗಲತೀ ಹೋ ಗಯೀ”, ನಮ್ಮ “ನನ್ನಿಂದ ತಪ್ಪಾಯಿತು” ಇದ್ದ ಹಾಗೇ ಇದೆ. ಮತ್ತು ಯಾರಾದರೂ “ದೇಖ್ತೇ ಹೈಂ” ಅಂದರೆ ನಮ್ಮ “ನೋಡೋಣ” ಅಂತ ತಿಳಿಯಿರಿ, ಅದನ್ನು ನಂಬಿ ಕಾಯಬೇಡಿ.

ಇನ್ನೊಂದು ಕಡೆ ಕನ್ನಡದವರು ಗೊತ್ತಿಲ್ಲದೇ ದರ್ಪದವರಾಗಿ ಕಾಣುತ್ತಾರೆ. ಅದು ನಮ್ಮ “ಬೇಕು”. ಕನ್ನಡದಲ್ಲಿ ಒಂದೇ “ಬೇಕು” ಎಲ್ಲ ಕೆಲಸವನ್ನೂ ಮಾಡುತ್ತದೆ. “ನಾಳೆ ಬರಬೇಕು” ಅಂದರೆ ಅದು ಆಮಂತ್ರಣವೂ ಆಗಬಹುದು, ನಿಯಮವೂ ಆಗಬಹುದು, ಸುಮ್ನೆ ಒಂದು ಮಾಹಿತಿಯೂ ಆಗಬಹುದು, ದನಿ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಹಿಂದಿಯಲ್ಲಿ ಇದು ನಾಲ್ಕು ಚೂರಾಗಿದೆ. “ಕಲ್ ಆನಾ ಹೈ” ಅಂದರೆ ಬರುವುದಿದೆ. “ಆನಾ ಚಾಹಿಯೇ” ಅಂದರೆ ಬರುವುದು ಒಳ್ಳೆಯದು, ಅದರಲ್ಲಿ ಒಂದು ಬುದ್ಧಿಮಾತು ಇದೆ. “ಆನಾ ಹೋಗಾ” ಅಂದರೆ ಬರಲೇಬೇಕಾಗುತ್ತದೆ. “ಆನಾ ಪಡೇಗಾ” ಅಂದರೆ ನಿಮಗೆ ಇಷ್ಟ ಇದ್ದರೂ ಇಲ್ಲದಿದ್ದರೂ ಬರುವ ಪರಿಸ್ಥಿತಿ. ನಮ್ಮವರ ಬಾಯಿಗೆ ಯಾಕೋ ಈ “ಪಡೇಗಾ” ಬೇಗ ಬರುತ್ತದೆ. ಗ್ರಾಹಕರಿಗೆ “ಆಪ್‌ಕೋ ಕಲ್ ಆನಾ ಪಡೇಗಾ” ಅಂದರೆ ಅವರಿಗೆ ಶಿಕ್ಷೆ ಕೊಟ್ಟ ಹಾಗೆ. “ಆಪ್ ಕಲ್ ಆ ಜಾಯಿಯೇ, ಹೋ ಜಾಯೇಗಾ” ಅನ್ನಿ. ಅದೇ ಕೌಂಟರ್, ಅದೇ ನಾಳೆ, ಆದರೆ ಅವರು ಬೇಜಾರಿಲ್ಲದೆ ಹೋಗುತ್ತಾರೆ. ನೀವು ಅಲ್ಲಿ ಹೋದ ಮೊದಲ ವಾರದಲ್ಲೇ ಇದು ಕೆಲಸಕ್ಕೆ ಬರುತ್ತದೆ.

ಹೇಳು ಅನ್ನುವುದಕ್ಕೂ ಹೀಗೇ ಮೂರು ಇವೆ. ಬೋಲ್ನಾ, ಕಹ್ನಾ, ಬತಾನಾ. ನಮಗೆ ಎಲ್ಲವೂ ಹೇಳು. ಮಾಹಿತಿ ಕೇಳುವಾಗ “ಬತಾಯಿಯೇ”. ಯಾರಿಗೋ ಏನೋ ಹೇಳಿದೆ ಅನ್ನುವಾಗ “ಮೈಂನೇ ಸರ್ ಸೇ ಕಹಾ”, “ಸರ್ ಕೋ ಬೋಲಾ” ಅಲ್ಲ. ಮುಂಬಯಿ ಕಡೆ ಎಲ್ಲದಕ್ಕೂ ಬೋಲ್ ನಡೆಯುತ್ತದೆ, ಲಖನೌದಲ್ಲಿ ಹಿರಿಯರ ಬಗ್ಗೆ ಹಾಗಂದರೆ ಒರಟು. ಫೋನ್ ಎತ್ತಿ “ಜೀ, ಬೋಲಿಯೇ” ಅನ್ನುವುದು ಮಾತ್ರ ಎಲ್ಲ ಕಡೆ ಸರಿ.

ಈಗ ಒಂದು ಸಣ್ಣ ಸ್ವರದ ವಿಷಯ. ಸಣ್ಣದು ಅಂತ ಬಿಡಬೇಡಿ. “ಮೈಡಂ ಆಯೀ ಹೈಂ” ಮತ್ತು “ಮೈಡಂ ಆಯೀ ಹೈ”. ಬರೆದರೆ ಒಂದು ಚುಕ್ಕೆ ವ್ಯತ್ಯಾಸ, ಕೇಳಿದರೆ ಮೂಗಿನ ಒಂದು ದನಿ. ಮೊದಲನೆಯದು “ಮೇಡಂ ಬಂದಿದ್ದಾರೆ”, ಎರಡನೆಯದು “ಮೇಡಂ ಬಂದಿದ್ದಾಳೆ”. ಕನ್ನಡದಲ್ಲಿ ಮರ್ಯಾದೆಗೆ “ಆರೆ” ಅಂತ ಪೂರ್ತಿ ಬೇರೆ ಪ್ರತ್ಯಯವೇ ಇದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಿಂದಿಯಲ್ಲಿ ಹೆಂಗಸರ ವಿಷಯ ಬಂದಾಗ ಬಹಳ ಸಲ ಇಡೀ ಮರ್ಯಾದೆ ಆ ಮೂಗಿನ ದನಿಯಲ್ಲಿ ನಿಂತಿರುತ್ತದೆ. ನಮ್ಮ ನಾಲಿಗೆಗೆ ಮೂಗಿನ ಸ್ವರದ ಅಭ್ಯಾಸ ಕಡಿಮೆ, ಅದನ್ನು ನುಂಗಿಬಿಡುತ್ತೇವೆ, ಎದುರಿನವರಿಗೆ ನಾವು ಅವರ ತಾಯಿಯನ್ನು ಏಕವಚನದಲ್ಲಿ ಕರೆದ ಹಾಗೆ ಕೇಳುತ್ತದೆ. ನಿಮ್ಮ ಉಚ್ಚಾರದಲ್ಲಿ ಕನ್ನಡದ ಛಾಯೆ ಇರಲಿ, ಅದನ್ನು ಅಳಿಸಲು ಹೋಗಬೇಡಿ, ಅದರಿಂದ ಯಾರಿಗೂ ನೋವಾಗುವುದಿಲ್ಲ. ಈ ಒಂದು ದನಿಯನ್ನು ಮಾತ್ರ ದಿನಾ ಬೆಳಿಗ್ಗೆ ಐದು ನಿಮಿಷ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಅದರ ಜೊತೆಗೇ “ಮೇರಾ ಪಾಪಾ” ಅಲ್ಲ, “ಮೇರೇ ಪಾಪಾ”. ಅಪ್ಪ ಒಬ್ಬರೇ ಆದರೂ ಬಹುವಚನ, ನಾವು “ನಮ್ಮ ತಂದೆಯವರು” ಅಂದ ಹಾಗೆ.

ಹಿಂದಿಯಲ್ಲಿ ಎದುರಿನವರನ್ನು ಕರೆಯುವ ತೂ, ತುಮ್, ಆಪ್ ಎಂಬ ಮೂರು ಮೆಟ್ಟಿಲುಗಳ ಬಗ್ಗೆ ನೀವು ಓದಿದ್ದೀರಿ. ಆದರೆ ನಮ್ಮ ದಿನದ ಮಾತಿನಲ್ಲಿ ನೀನು, ನೀವು ಎರಡೇ ಇರುವುದರಿಂದ ನೀನು ಅಂದರೆ ತುಮ್, ನೀವು ಅಂದರೆ ಆಪ್ ಅಂತ ಲೆಕ್ಕ ಹಾಕಿಬಿಡುತ್ತೇವೆ. ಅಲ್ಲೇ ಎಡವುವುದು. ದಾವಣಗೆರೆಯಲ್ಲಿ ನಮಗಿಂತ ಸ್ವಲ್ಪ ಚಿಕ್ಕವರಾದ ಅಟೆಂಡರ್‌ಗೆ “ಬಾರಪ್ಪ, ಇದನ್ನ ಸ್ವಲ್ಪ ಕೊಟ್ ಬಾ” ಅಂತೀವಿ. ಅಲ್ಲಿ ಏಕವಚನ ಇದ್ದರೂ ಆ “ಅಪ್ಪ” ಅದನ್ನು ಸಿಹಿ ಮಾಡುತ್ತದೆ. ತುಮ್‌ಗೆ ಆ “ಅಪ್ಪ” ಇಲ್ಲ. ಹಾಗಾಗಿ ನಿಮ್ಮ ಪ್ರೀತಿಯ ಏಕವಚನ ಅಲ್ಲಿ ಬರೀ ಏಕವಚನವಾಗಿ ಬೀಳುತ್ತದೆ. ಲಖನೌ ಸೀಮೆಯಲ್ಲಿ ಅಟೆಂಡರ್, ಗಾರ್ಡ್, ಚಾ ತರುವ ಹುಡುಗ, ಎಲ್ಲರಿಗೂ ಆಪ್ ಅನ್ನಿ. ಹಳೆಯ ಮನೆಗಳಲ್ಲಿ ಸ್ವಂತ ಮಕ್ಕಳಿಗೇ ಆಪ್ ಅನ್ನುವ ಊರು ಅದು. ತುಮ್‌ಗೆ ಇಳಿಯುವುದು ಯಾವಾಗ ಅಂತ ಕೇಳಬೇಡಿ, ಅದು ತಾನಾಗೇ ಆಗುತ್ತದೆ, ಹಿರಿಯರು ಮೊದಲು ಇಳಿಯುತ್ತಾರೆ. ಅವರು ಇಳಿದರೂ ನೀವು ಆಪ್‌ನಲ್ಲೇ ಇರಿ. ತೂ ದೇವರಿಗೆ, ಬಾಲ್ಯದ ಗೆಳತಿಗೆ, ಮತ್ತೆ ಬೀದಿ ಜಗಳಕ್ಕೆ. ಇನ್ನೊಂದು ಗಮನಿಸಿ. ದಿನಾ ತುಮ್ ಅನ್ನುವವರು ಒಂದು ದಿನ ಥಟ್ಟನೆ ಆಪ್ ಅಂದರೆ ಅದು ಗೌರವ ಅಲ್ಲ, ಮುನಿಸು. ನಮ್ಮಲ್ಲಿ ಅಮ್ಮ ಸಿಟ್ಟಾದಾಗ “ತಾವು ಊಟ ಮಾಡ್ತೀರೋ ಇಲ್ವೋ” ಅಂದ ಹಾಗೆ.

ಊರು ಊರಿಗೆ ಇದು ಬದಲಾಗುತ್ತದೆ. ದೆಹಲಿಯಲ್ಲಿ “ಆಪ್ ಬೈಠೋ”, “ಆಪ್ ಕರ್ ಲೋ” ಅಂತ ಆಪ್ ಜೊತೆ ತುಮ್‌ನ ಬಾಲ ಸೇರಿಸುತ್ತಾರೆ, ಅಲ್ಲಿ ಅದು ಸಲಿಗೆಯ ಮರ್ಯಾದೆ. ಅದನ್ನೇ ಲಖನೌಗೆ ತಂದರೆ ಕಿವಿಗೆ ಚುಚ್ಚುತ್ತದೆ. ಆಟೋದವರಿಗೆ “ಭೈಯಾ” ಅನ್ನುವುದು ದೆಹಲಿ, ಲಖನೌನಲ್ಲಿ ನಮ್ಮ “ಅಣ್ಣ” ಇದ್ದ ಹಾಗೆ, ಆದರೆ ಮುಂಬಯಿಯಲ್ಲಿ ಅದು ಉತ್ತರದಿಂದ ಬಂದವರನ್ನು ಹೀಗಳೆಯುವ ಪದವೂ ಹೌದು. ಲಖನೌ, ಬನಾರಸ್, ಬಿಹಾರದ ಕಡೆ ಜನ ನಾನು ಅನ್ನುವುದಕ್ಕೆ “ಹಮ್” ಅಂತಾರೆ, ಹೆಂಗಸರೂ “ಹಮ್ ಜಾ ರಹೇ ಹೈಂ” ಅಂತಾರೆ. ಅದು ದೊಡ್ಡಸ್ತಿಕೆ ಅಲ್ಲ, ಅಲ್ಲಿನ ರೂಢಿ. ನೀವು ಸದ್ಯಕ್ಕೆ ಮೈಂ ಅನ್ನಿ. ಬೇರೆಯವರ ಊರಿನ ಮಾತಿನ ಗುರುತನ್ನು ಬೇಗ ಹಾಕಿಕೊಂಡರೆ ಅಣಕಿಸಿದ ಹಾಗೆ ಕಾಣುತ್ತದೆ.

ಸಣ್ಣ ಪದಗಳು ಇನ್ನೂ ಇವೆ. “ಬೈಠಿಯೇ ನ” ಅನ್ನುವಾಗಿನ “ನ”, ಅದರಲ್ಲಿ ನಮ್ಮ “ಅಲ್ವಾ”ದ ಸಲಿಗೆ ಇದೆ. “ಮೈಂ ತೋ ನಹೀಂ ಜಾವೂಂಗೀ” ಅನ್ನುವಾಗಿನ “ತೋ”, ಅದು ನಮ್ಮ “ನಾನಂತೂ ಹೋಗಲ್ಲ” ಅನ್ನುವಾಗಿನ “ಅಂತೂ”. “ಆಪ್ ಹೀ ಬತಾಯಿಯೇ” ಅಂದರೆ “ನೀವೇ ಹೇಳಿ”, ಆ “ಹೀ” ನಮ್ಮ “ಏ”. “ಆಪ್ ಭೀ ನ!” ಅಂದರೆ “ನೀವೊಬ್ರು!”. ನಾವು “ಚಾ ಗೀ ಕುಡೀರಿ” ಅಂತೀವಿ, ಅವರು “ಚಾಯ್ ವಾಯ್ ಪೀಜಿಯೇ” ಅಂತಾರೆ, ನಮ್ಮ ಗಕಾರದ ಜಾಗದಲ್ಲಿ ಅವರ ವಕಾ‌ರ. ಚಾಗೆ ಅಂದರೆ ಸಲಿಗೆ, ಆದರೆ “ರಿಪೋರ್ಟ್ ವಿಪೋರ್ಟ್” ಅಂದರೆ ರಿಪೋರ್ಟಿಗೆ ಬೆಲೆ ಇಲ್ಲ ಅಂದ ಹಾಗೆ, ಅದು ಕನ್ನಡದಲ್ಲೂ ಹಾಗೇ ಅಲ್ವಾ. ಹಿರಿಯರು ಕರೆದರೆ “ಕ್ಯಾ?” ಅನ್ನಬೇಡಿ, “ಜೀ?” ಅನ್ನಿ. ಬಂದವರನ್ನು “ಕ್ಯೋಂ ಆಯೇ?” ಅಂತ ಕೇಳಬೇಡಿ, “ಕೈಸೇ ಆನಾ ಹುಆ?” ಅನ್ನಿ, ನಾವು “ಏನ್ ಈ ಕಡೆ ಬಂದಿದ್ದು?” ಅನ್ನುತ್ತೇವಲ್ಲ ಹಾಗೆ.

ನಮ್ಮ ಸಂಸ್ಕೃತದ ಪದಗಳು ಒಂದು ದೊಡ್ಡ ಬಲೆ. ನಾವು ಅವನ್ನು ನಂಬುತ್ತೇವೆ, ಅವು ಅಲ್ಲಿ ಹೋಗಿ ಬೇರೆ ಆಗಿವೆ. ಅನುಮಾನ ಅಲ್ಲಿ ಅಂದಾಜು. ಅವಸರ ಅಂದರೆ ಅವಕಾಶ. ಉಪನ್ಯಾಸ ಅಂದರೆ ಕಾದಂಬರಿ. ಪ್ರಬಂಧ ಅಂದರೆ ವ್ಯವಸ್ಥೆ. ಶಿಕ್ಷಾ ಅಂದರೆ ಶಿಕ್ಷಣ. ಇವು ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ಆದರೆ ಅಭಿಮಾನ ತಪ್ಪಿದರೆ ಮನಸ್ಸು ಮುರಿಯಬಹುದು. ನಾವು “ನಿಮ್ಮ ಮೇಲೆ ಅಭಿಮಾನ” ಅಂದರೆ ಪ್ರೀತಿ. ಅಲ್ಲಿ ಅಭಿಮಾನ್ ಸಾಮಾನ್ಯವಾಗಿ ಅಹಂಕಾರ. ನಿಮಗೆ ಬೇಕಾದದ್ದು “ಗರ್ವ್”, ಅದು ನಮಗೆ ಕೆಟ್ಟದು, ಅವರಿಗೆ ಒಳ್ಳೆಯದು. “ಹಮೇಂ ಆಪ್ ಪರ್ ಗರ್ವ್ ಹೈ”. ಪಾರಸಿಯಿಂದ ಬಂದವೂ ಹೀಗೇ ಕೈಕೊಡುತ್ತವೆ. ನಮ್ಮ ಸವಾಲು ಪಂಥ, ಅವರ ಸವಾಲ್ ಬರೀ ಪ್ರಶ್ನೆ. ನಮ್ಮ ರಾಜೀನಾಮೆ ಕೆಲಸ ಬಿಡುವ ಪತ್ರ, ಅವರದು ರಾಜಿ ಮಾಡಿಕೊಂಡ ಪತ್ರ. ಕೆಲಸ ಬಿಡುವುದಕ್ಕೆ ಇಸ್ತೀಫಾ. ಮತ್ತೆ ಎರಡು ಪದ ಇದ್ದಾಗ ಮಾತಿನಲ್ಲಿ ದಿನಬಳಕೆಯದನ್ನೇ ಆರಿಸಿ. ಪ್ರತೀಕ್ಷಾ ಬೇಡ, ಇಂತಜಾರ್. ಆವಶ್ಯಕ್‌ತಾ ಬೇಡ, ಜರೂರತ್.

ನೀವು ಚಿತ್ರದುರ್ಗದವರು ಅಂದಮೇಲೆ ನಮ್ಮ ಕಡೆಯ ಮುಸ್ಲಿಮರ ಮನೆಮಾತಾದ ದಖನಿ ಕೇಳುತ್ತಾ ಬೆಳೆದಿರುತ್ತೀರಿ. ಅಕ್ಕಪಕ್ಕದ ಮನೆಯ “ನಕ್ಕೋ”, “ಹೌ”, “ಕೈಕು”, “ಮೇರೇಕು” ನಿಮ್ಮ ಕಿವಿಯಲ್ಲಿ ಇದ್ದೇ ಇರುತ್ತವೆ. ಅದನ್ನು ಕೆಟ್ಟ ಹಿಂದಿ ಅನ್ನುವವರ ಮಾತು ಕೇಳಬೇಡಿ. 16 ಮತ್ತು 17ನೇ ಶತಮಾನದಲ್ಲಿ ಬಿಜಾಪುರ, ಗೋಲ್ಕೊಂಡದ ಆಸ್ಥಾನಗಳಲ್ಲಿ ಕಾವ್ಯ ಬರೆದ ಭಾಷೆ ಅದು, ನಮ್ಮ ನೆಲದ ನೀರು ಕುಡಿದು ಬೆಳೆದಿದೆ. “ಬರ್ತೀನಿ ಅಂತ ಹೇಳ್ದ” ಅನ್ನುವುದರ “ಅಂತ”ವನ್ನು ದಖನಿಯವರು “ಬೋಲ್ಕೇ” ಅಂತ ಮಾಡಿಕೊಂಡಿದ್ದಾರೆ, ಅದು ಲಖನೌದವರಿಗೆ ಅರ್ಥವೇ ಆಗುವುದಿಲ್ಲ, ಅವರು “ಉಸ್‌ನೇ ಕಹಾ ಕಿ” ಅಂತ ಶುರು ಮಾಡುತ್ತಾರೆ. ನಿಮ್ಮ ಬೀದಿಯಲ್ಲಿ ದಖನಿಯನ್ನೇ ಮಾತಾಡಿ. ಅಲ್ಲಿ “ನಕ್ಕೋ” ಅನ್ನುವ ಬದಲು “ಮುಝೇ ನಹೀಂ ಚಾಹಿಯೇ” ಅಂದರೆ ನೀವೇ ನೋಟಿಸ್ ಓದಿದ ಹಾಗೆ ಆಗುತ್ತದೆ.

ನನಗೆ ಈ ಪಾಠ ಕಲಿಸಿದ್ದು ಒಂದು ಸಾವು. ಎಂ.ಎ. ಓದಲು ಬನಾರಸ್‌ಗೆ ಹೋಗಿದ್ದೆ, ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಆ ಮನೆಯ ಅಜ್ಜ ನನ್ನನ್ನು ದಿನಾ ಸಂಜೆ ಕೂರಿಸಿಕೊಂಡು ಊರಿನ ಕಥೆ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಅವರು ತೀರಿಕೊಂಡರು. ಅವರ ಮಗ ಊರಲ್ಲಿ ಇರಲಿಲ್ಲ, ಫೋನ್ ಮಾಡಿ ತಿಳಿಸುವ ಕೆಲಸ ನನಗೆ ಬಂತು. ನಾನು “ದಾದಾಜೀ ಮರ್ ಗಯೇ” ಅಂದೆ. ವ್ಯಾಕರಣ ಸರಿ ಇತ್ತು, ಬಹುವಚನವೂ ಇತ್ತು. ಆ ಕಡೆ ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ ಮನೆಯವರೊಬ್ಬರು ನನ್ನ ಕೈಯಿಂದ ಫೋನ್ ತೆಗೆದುಕೊಂಡು “ಬಾಬೂಜೀ ನಹೀಂ ರಹೇ” ಅಂದರು. ಇನ್ನಿಲ್ಲ, ಉಳಿಯಲಿಲ್ಲ, ಅಷ್ಟೇ ಅರ್ಥ. ನಾನು ನಮ್ಮೂರಿನಲ್ಲಿ ಯಾರ ಮನೆಗಾದರೂ ಫೋನ್ ಮಾಡಿ “ನಿಮ್ಮಪ್ಪ ಸತ್ತರು” ಅನ್ನುತ್ತಿದ್ದೆನಾ? “ಹೋಗಿಬಿಟ್ರು”, “ತೀರಿಕೊಂಡ್ರು” ಅಂತ ಬಾಯಿ ತಾನಾಗೇ ಹೇಳುತ್ತಿತ್ತು. ಹಿಂದಿಗೆ ಬಂದಾಗ ಆ ಬಾಯಿಯನ್ನು ನಾನು ಮುಚ್ಚಿ ಪುಸ್ತಕ ತೆರೆದಿದ್ದೆ. ಎಷ್ಟೋ ವರ್ಷ ಆಯಿತು, ಆ ಮೌನ ಇನ್ನೂ ನೆನಪಿದೆ. ಆವತ್ತಿನಿಂದ ನನ್ನ ಪಾಠದಲ್ಲಿ ಮೊದಲು ಕೇಳುವುದು ಒಂದೇ, ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಅಂತ. ನಾವು ಮನೆಯಿಂದ ಹೊರಡುವಾಗ “ಹೋಗ್ತೀನಿ” ಅನ್ನುವುದಿಲ್ಲ, “ಬರ್ತೀನಿ” ಅಂತೀವಿ. ಅವರೂ “ಜಾತೀ ಹೂಂ” ಅನ್ನುವುದು ಕಡಿಮೆ, “ಅಚ್ಛಾ, ಚಲ್ತೀ ಹೂಂ” ಅಂತಾರೆ. ಅಂಗಡಿ ಮುಚ್ಚುವುದಕ್ಕೆ ಹಳಬರು “ದುಕಾನ್ ಬಢಾನಾ” ಅಂತಾರೆ, ಮುಚ್ಚು ಅನ್ನುವ ಮಾತು ಬಾಯಿಗೆ ಬರಬಾರದು ಅಂತ ಬೆಳೆಸು ಅನ್ನುತ್ತಾರೆ. ಅಶುಭಕ್ಕೆ ಹೆದರುವ ಮನಸ್ಸು ಎರಡೂ ಕಡೆ ಒಂದೇ.

ಹಾಗಾದರೆ ದಿನಾ ಏನು ಮಾಡಬೇಕು? ಒಂದು ಸಣ್ಣ ನೋಟ್‌ಬುಕ್ ಇಡಿ, ಅದರಲ್ಲಿ ಹೊಸ ಪದ ಬರೆಯಬೇಡಿ, ವಾಕ್ಯದ ಕೊನೆಯನ್ನು ಮಾತ್ರ ಬರೆಯಿರಿ. ಯಾರು, ಯಾರಿಗೆ, ಯಾವ ಬಾಲ ಹಾಕಿದರು. ನಿಮ್ಮ ಮ್ಯಾನೇಜರ್ ಮೇಲಧಿಕಾರಿಯ ಫೋನ್ ಬಂದಾಗ ಹೇಗೆ ಮಾತಾಡುತ್ತಾರೆ, ಅದೇ ಮನುಷ್ಯ ಹೆಂಡತಿಯ ಹತ್ತಿರ, ತಾಯಿಯ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಕಿವಿ ಕೊಡಿ. ಒಬ್ಬರ ಬಾಯಲ್ಲೇ ಮೂರು ಹಿಂದಿ ಸಿಗುತ್ತದೆ. ಪಕ್ಕದಲ್ಲಿ ಅದೇ ಸಂದರ್ಭಕ್ಕೆ ನಿಮ್ಮಮ್ಮ ಏನು ಹೇಳುತ್ತಿದ್ದರು ಅಂತ ಕನ್ನಡದಲ್ಲಿ ಬರೆಯಿರಿ. ಹತ್ತರಲ್ಲಿ ಏಳೆಂಟು ಸಲ ಎರಡೂ ಜೋಡಿಯಾಗುತ್ತವೆ. ಜೋಡಿಯಾಗದ್ದನ್ನು ಮಾತ್ರ ಬಾಯಿಪಾಠ ಮಾಡಿ. ಕೇಳಲು ಸುದ್ದಿ ವಾಹಿನಿ ಬೇಡ, ಅಲ್ಲಿ ಮತ್ತೆ ನೋಟಿಸಿನ ಹಿಂದಿ ಇಲ್ಲವೇ ಕಿರುಚಾಟ. 1957ರಲ್ಲಿ ಶುರುವಾದ ವಿವಿಧ ಭಾರತಿ ಇವತ್ತಿಗೂ ಒಳ್ಳೆಯದು, ಕೇಳುಗರು ಫೋನ್ ಮಾಡುವ ಕಾರ್ಯಕ್ರಮಗಳಲ್ಲಿ ಉದ್ಘೋಷಕರು ಅಜ್ಜಿಗೆ ಒಂದು ಥರ, ಶಾಲೆ ಹುಡುಗನಿಗೆ ಒಂದು ಥರ ಮಾತಾಡುತ್ತಾರೆ. ಊರಲ್ಲೂ ಜನ ಸಿಗುತ್ತಾರೆ. ಚೌಕಿಪೇಟೆಯ ರಾಜಸ್ಥಾನದ ವ್ಯಾಪಾರಿಗಳ ಹಿಂದಿಯಲ್ಲಿ ಮಾರವಾಡಿ ಬೆರೆತಿರುತ್ತದೆ, ಅದು ಚೆಂದ, ಆದರೆ ನಿಮಗೆ ಬೇಕಾದ ಲಖನೌ ಧಾಟಿ ಅಲ್ಲ. ವೈದ್ಯಕೀಯ ಕಾಲೇಜಿಗೆ ಉತ್ತರದಿಂದ ಬಂದ ಹುಡುಗ ಹುಡುಗಿಯರದು ಹಾಸ್ಟೆಲ್ ಹಿಂದಿ, ಅದನ್ನು ಕಲಿತು ಬ್ಯಾಂಕಿನಲ್ಲಿ “ಯಾರ್” ಅಂದುಬಿಟ್ಟೀರಿ.

ನಿಮಗೆ ಒಳ್ಳೆಯ ಗುರು ಆ ತಾಯಿಯೇ. ಅವರು ಮತ್ತೆ ಬಂದಾಗ ನೀವೇ ಮನೆಗೆ ಕರೆಯಿರಿ, ಬೆಣ್ಣೆ ದೋಸೆ ತಿನ್ನಿಸಿ, ಅವರ ಕಡೆಯ ಒಂದು ಅಡುಗೆ ಹೇಳಿಕೊಡಿ ಅಂತ ಕೇಳಿ. ಅಡುಗೆ ಹೇಳುವಾಗ ಮನುಷ್ಯರು ಬಾಲಗಳನ್ನು ಧಾರಾಳವಾಗಿ ಸುರಿಯುತ್ತಾರೆ. “ಕಾಟ್ ಲೋ”, “ಡಾಲ್ ದೋ”, “ಪಕ್‌ನೇ ದೋ”, “ದೇಖ್‌ತೀ ರಹನಾ”. ನೀವು ಮಗಳ ವಯಸ್ಸಿನವರು, ಆ ಹೊತ್ತಿಗೆ ಅವರು ನಿಮ್ಮನ್ನು ತುಮ್ ಅಂದಿರುತ್ತಾರೆ, ಸಂತೋಷಪಡಿ. ಮತ್ತೆ ಮ್ಯಾನೇಜರ್ ಅವರಿಗೆ ನೀವು ಕನ್ನಡ ಕಲಿಸಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ದಾವಣಗೆರೆಯ ಕೌಂಟರಿಗೆ ಮೆಕ್ಕೆಜೋಳ ಮಾರಿದ ದುಡ್ಡು ಹಾಕಲು ಬರುವ ರೈತರ ಹತ್ತಿರ ಮಾತಾಡಲು ಅವರಿಗೂ ಈ “ರಿ”, ಈ “ಅಪ್ಪ”, ಈ “ಸ್ವಲ್ಪ” ಬೇಕು. “ಬನ್ನಿ, ಕುಳಿತುಕೊಳ್ಳಿ” ಕಲಿತಿದ್ದರೆ “ಬರ್ರಿ ಯಜಮಾನ್ರೇ” ಕಲಿಸಿ. ಅವರಿಗೆ “ಅಲ್ವಾ” ಬಿಡಿಸಿ ಹೇಳುವಾಗ ನಿಮಗೇ “ನ” ಸರಿಯಾಗಿ ಕೈಗೆ ಸಿಗುತ್ತದೆ.

ಆ ತಾಯಿ ಮುಂದಿನ ಸಲ ಶಾಖೆಗೆ ಬಂದಾಗ ಎದ್ದು ನಿಂತು ಹೀಗೆ ಹೇಳಿ ನೋಡಿ. “ಆಯಿಯೇ ಆಂಟೀ ಜೀ, ಬೈಠಿಯೇ ನ. ಮೈಂ ಚಾಯ್ ಮಂಗವಾತೀ ಹೂಂ. ಅಭೀ ಕುಛ್ ದಿನ್ ತೋ ರುಕೇಂಗೀ ನ?” ಚಾ ಬೇಕಾ ಅಂತ ಕೇಳಬೇಡಿ, ತರಿಸುತ್ತೇನೆ ಅನ್ನಿ, ನಮ್ಮ ಕಡೆಯ ಹಾಗೇ ಅಲ್ಲೂ ಕೇಳಿದರೆ ಬೇಡ ಅಂತಲೇ ಬರುತ್ತದೆ. ಅವರು ಏನು ಉತ್ತರ ಕೊಟ್ಟರು, ಅವರ ವಾಕ್ಯ ಯಾವ ಬಾಲದಲ್ಲಿ ಮುಗಿಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಕಳಿಸಿ.